ಹಾಳೆ, ರೆಚ್ಚೆ, ಹಿಂಡಿ: ತೋಟದ ಮತ್ತು ಗಾಣದ ಉಳಿಕೆಯಿಂದ ದನಗಳಿಗೆ ಕಡಿಮೆ ಖರ್ಚಿನ ಮೇವು

ನಮ್ಮ ಹಟ್ಟಿಯಲ್ಲಿ ಎರಡು ಜೆರ್ಸಿ ಕ್ರಾಸ್ ಹಸು, ಒಂದು ಕಾಸರಗೋಡು ಗಿಡ್ಡ (ನಮ್ಮ ಊರಿನ ಸಣ್ಣ ಗಾತ್ರದ ತಳಿ), ಎರಡು ಕರು ಇವೆ. ಮನೆ ಇರುವುದು ಬದಿಯಡ್ಕದ ಒಳಭಾಗದಲ್ಲಿ. ಕೆಳಗೆ 500 ಅಡಿಕೆ ಮರ, ಮೇಲೆ ಗುಡ್ಡದಲ್ಲಿ ಗೇರು, ಅಂಗಳದ ಸುತ್ತ ಹಲಸು ಮತ್ತು ತೆಂಗು. ಗದ್ದೆ ಅಂತ ಇದ್ದದ್ದು ಅಪ್ಪನ ಕಾಲದಲ್ಲೇ ತೋಟವಾಯಿತು. ಹಾಗಾಗಿ ಬೈಹುಲ್ಲು ಘಟ್ಟದ ಮೇಲಿಂದ ಲಾರಿಯಲ್ಲಿ ಬರಬೇಕು, ಪೆಲೆಟ್ ಫೀಡ್ ಅಂಗಡಿಯಿಂದ ಬರಬೇಕು. ಹಾಲಿನ ದುಡ್ಡು ಬಂದ ಹಾಗೇ ಹೋಗುತ್ತದೆ. ಕಾಸರಗೋಡು ತಾಲೂಕಲ್ಲಿ ಎರಡು ಮೂರು ದನ ಸಾಕುವ ಬಹುತೇಕ ಮನೆಗಳ ಕಥೆ ಇದೇ ಅಲ್ವಾ?

ಆದರೆ ಅದೇ ಮನೆಯ ಸುತ್ತ ಎಷ್ಟು ಮೇವು ಕೊಳೆಯುತ್ತದೆ ನೋಡಿ. ಬೇಸಿಗೆಯಲ್ಲಿ ರಾಶಿ ರಾಶಿ ಅಡಿಕೆ ಹಾಳೆ, ಅಂದರೆ ಸೋಗೆಯ (ಗರಿಯ) ಬುಡದ ಅಗಲದ ಪೊರೆ, ಬೀಳುತ್ತದೆ. ಗೇರುಬೀಜ ತಿರುಪಿ ತೆಗೆದು ಹಣ್ಣನ್ನು ಬುಡದಲ್ಲೇ ಬಿಡುತ್ತೇವೆ. ಹಪ್ಪಳ ಮಾಡುವ ದಿನ ಹಲಸಿನ ರೆಚ್ಚೆ (ಹೊರಗಿನ ಮುಳ್ಳು ಸಿಪ್ಪೆ) ಬುಟ್ಟಿಗಟ್ಟಲೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಎಣ್ಣೆ ಗಾಣದಲ್ಲಿ ಹಿಂಡಿ, ಅಕ್ಕಿ ಮಿಲ್ಲಿನಲ್ಲಿ ತೌಡು ಇದ್ದೇ ಇದೆ. ಇವನ್ನೆಲ್ಲ ದನಕ್ಕೆ ಹೇಗೆ ಕೊಡುವುದು, ಎಷ್ಟು ಕೊಡುವುದು, ಎಲ್ಲಿ ನಿಲ್ಲಿಸುವುದು ಅಂತ ಇಲ್ಲಿ ಬರೆದಿದ್ದೇನೆ. ಸುಮ್ನೆ ಎದುರಿಗೆ ಸುರಿದರೆ ಆಗುವುದಿಲ್ಲ. ನಾವು ಹಾಗೆ ಮಾಡಿ ಒಂದು ಹಸುವನ್ನು ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದೆವು, ಅದನ್ನೂ ಹೇಳುತ್ತೇನೆ.

ಮೊದಲು ನೀರಿನ ಲೆಕ್ಕ ಹಾಕಿ

ಯಾವುದೇ ಉಳಿಕೆ ತರುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ನೀರೆಷ್ಟು, ಒಣ ಪದಾರ್ಥ ಎಷ್ಟು? ದನದ ಹೊಟ್ಟೆ ತುಂಬುವುದು, ಹಾಲಾಗುವುದು ಒಣ ಪದಾರ್ಥದಿಂದ. ಹಿಂಡಿ, ತೌಡು, ಪೆಲೆಟ್ ಎಲ್ಲ ಸುಮಾರು ಶೇ. 90 ಒಣ ಇರುತ್ತವೆ. ಹಸಿ ಗೇರುಹಣ್ಣಿನಲ್ಲಿ ಶೇ. 85ರಷ್ಟು ನೀರೇ. ಬಾಳೆ ದಿಂಡಿನಲ್ಲಂತೂ ಶೇ. 90ಕ್ಕಿಂತ ಜಾಸ್ತಿ.

ಬಿಯರ್ ಕಾರ್ಖಾನೆಯ ಹಸಿ ಬೂಸಾ ಕೆಜಿಗೆ 6 ರೂಪಾಯಿ ಅಂತ ಯಾರೋ ಹೇಳಿದರು ಅಂದುಕೊಳ್ಳಿ. ಕೇಳಲು ಅಗ್ಗ. 100 ಕೆಜಿಗೆ 600 ರೂಪಾಯಿ ಆಯಿತು. ಅದರಲ್ಲಿ ಒಣ ಪದಾರ್ಥ 22 ಕೆಜಿ ಇದ್ದರೆ ನಿಜವಾದ ಬೆಲೆ ಕೆಜಿಗೆ 27 ರೂಪಾಯಿ ಬಿತ್ತು. ಅದರ ಮೇಲೆ ಸಾಗಾಟ. ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬಂದು ಬೂಷ್ಟು ಹಿಡಿದರೆ ಅದೂ ನಷ್ಟ. ದೊಡ್ಡ ಡೈರಿಯವರಿಗೆ, ಲೋಡು ಬಂದ ದಿನವೇ ಅರ್ಧ ಖಾಲಿ ಮಾಡುವವರಿಗೆ ಅದು ಸರಿ. ಮೂರು ದನದವರಿಗೆ ನನ್ನ ಪ್ರಕಾರ ಬೇಡ. ದೂರದಿಂದ ನೀರು ಹೊತ್ತು ತರಬೇಡಿ. ಹಸಿ ಉಳಿಕೆ ಅಂದರೆ ನಿಮ್ಮ ಅಂಗಳದ್ದು, ಹೆಚ್ಚೆಂದರೆ ನೆರೆಮನೆಯದು.

ಹಸುವಿಗೆ ದಿನಕ್ಕೆ ಬೇಕಾದ ಒಣ ಪದಾರ್ಥ ಅದರ ತೂಕದ ಶೇ. 2.5ರಿಂದ 3. 300 ಕೆಜಿ ತೂಗುವ ಕ್ರಾಸ್ ಹಸುವಿಗೆ ಏಳೂವರೆಯಿಂದ 9 ಕೆಜಿ ಆಯಿತು. ಅದರಲ್ಲಿ ಅರ್ಧಕ್ಕಿಂತ ಕಡಿಮೆಯಾಗದ ಹಾಗೆ ನಾರಿನ ಮೇವು ಇರಲೇಬೇಕು, ಅಂದರೆ ಹುಲ್ಲು, ಬೈಹುಲ್ಲು, ಹಾಳೆ, ಸೊಪ್ಪು. ಉಳಿದದ್ದು ಹಿಂಡಿ, ತೌಡು, ಕಾಳು. ಕೆಳಗಿನ ಪ್ರಮಾಣಗಳೆಲ್ಲ ಈ ಗಾತ್ರದ ಹಸುವಿಗೆ.

ಹಾಳೆ: ಬೈಹುಲ್ಲಿನ ಬದಲಿಗೆ ನಮ್ಮ ಕೈಯಲ್ಲಿರುವ ನಾರು

ಅಡಿಕೆ ಹಾಳೆಯನ್ನು ನಾನು ಮೊದಲು ಹೇಳುವುದು ಯಾಕೆಂದರೆ ನಮ್ಮ ಖರ್ಚು ಅತಿ ಜಾಸ್ತಿ ಇಳಿದದ್ದು ಇದರಿಂದಲೇ. ಪೌಷ್ಟಿಕತೆಯಲ್ಲಿ ಇದು ಹೆಚ್ಚು ಕಡಿಮೆ ಬೈಹುಲ್ಲಿನ ಸಾಲಿನದು. ಪ್ರೋಟೀನು ಕಡಿಮೆ, ನಾರು ಜಾಸ್ತಿ. ಅಷ್ಟರಿಂದಲೇ ಹಾಲು ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೈಹುಲ್ಲಿನ ಅರ್ಧ ಜಾಗವನ್ನು ಅದು ತುಂಬುತ್ತದೆ, ಅಷ್ಟೇ ಸಾಕು ನಮಗೆ.

ಒಂದು ಮರ ವರ್ಷಕ್ಕೆ ಸುಮಾರು ಆರು ಸೋಗೆ ಉದುರಿಸುತ್ತದೆ. 500 ಮರಕ್ಕೆ 3000 ಹಾಳೆ. ನಮ್ಮಲ್ಲಿ ತೂಗಿ ನೋಡಿದಾಗ ಸೋಗೆ ಕತ್ತರಿಸಿ ತೆಗೆದ ಹತ್ತು ಒಣ ಹಾಳೆ 2 ಕೆಜಿ ಬಂತು. ಎಲ್ಲವೂ ಒಣದಾಗಿ ಸಿಕ್ಕಿದರೆ 600 ಕೆಜಿ. ದಿನಕ್ಕೆ 3 ಕೆಜಿಯಂತೆ ಒಂದು ಹಸುವಿಗೆ 200 ದಿನ. ಎಲ್ಲವೂ ಸಿಗುವುದಿಲ್ಲ, ಮಳೆಗಾಲದ್ದು ಕೊಳೆಯುತ್ತದೆ. ಜನವರಿಯಿಂದ ಮೇ ತನಕ ಬಿದ್ದದ್ದನ್ನು ಬಿಡಬೇಡಿ.

ಮಾಡುವ ಕ್ರಮ ಹೀಗೆ. ಬಿದ್ದ ಎರಡು ಮೂರು ದಿನದ ಒಳಗೆ ಹೆಕ್ಕಿ. ಅದಕ್ಕಿಂತ ಹೆಚ್ಚು ದಿನ ನೆಲದಲ್ಲಿ ಬಿದ್ದರೆ ಒಳಗಿನ ಬಿಳಿ ಭಾಗದಲ್ಲಿ ಕಪ್ಪು ಚುಕ್ಕೆ ಬರುತ್ತದೆ, ಗೆದ್ದಲೂ ಹತ್ತುತ್ತದೆ. ಸೋಗೆಯನ್ನು ಅಲ್ಲೇ ಕತ್ತರಿಸಿ ಬುಡಕ್ಕೆ ಹಾಕಿ, ಹಾಳೆ ಮಾತ್ರ ತನ್ನಿ. ಅಂಗಳದಲ್ಲಿ ಎರಡು ಬಿಸಿಲು ಕೊಟ್ಟು ಅಟ್ಟಕ್ಕೆ ಏರಿಸಿ. ಚಾಫ್ ಕಟರ್‌ನಲ್ಲಿ ಒಂದೆರಡು ಸೆಂಟಿಮೀಟರ್ ತುಂಡು ಮಾಡಬೇಕು. ಒಣ ಹಾಳೆ ಬ್ಲೇಡಿಗೆ ಗಟ್ಟಿ. ಸ್ವಲ್ಪ ನೀರು ಚಿಮುಕಿಸಿ ಮೆತ್ತಗೆ ಮಾಡಿದರೆ ಸುಲಭ. ಬ್ಲೇಡು ಬೋಳಾಗಿದ್ದರೆ ಹಾಳೆ ತುಂಡಾಗುವುದಿಲ್ಲ, ನಾರುನಾರಾಗಿ ಎಳೆ ಬಿಡುತ್ತದೆ. ಅಂಥ ಉದ್ದದ ಎಳೆಯನ್ನು ದನ ಜಗಿದು ಜಗಿದು ಉಗುಳುತ್ತದೆ. ತುಂಡನ್ನು ರಾತ್ರಿ ಬಾಲ್ದಿಯಲ್ಲಿ ನೀರು ಹಾಕಿ ನೆನೆಸಿ, ಬೆಳಗ್ಗೆ ನೀರು ಬಸಿದು, ಮೇಲೆ ಒಂದು ಹಿಡಿ ತೌಡು ಉದುರಿಸಿ ಕೊಡಿ. ಮೊದಲ ದಿನ ಮೂಸಿ ಬಿಟ್ಟೀತು. ನಾಲ್ಕನೇ ದಿನಕ್ಕೆ ತಿನ್ನುತ್ತದೆ.

ಒಂದು ಮಾತು ಮರೆಯಬಾರದು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಬಿಡುತ್ತೇವೆ, ಅದರಲ್ಲಿ ಮೈಲುತುತ್ತು (ತಾಮ್ರದ ಲವಣ) ಇದೆ. ಹಾಳೆಯ ಹೊರಮೈಯಲ್ಲಿ ನೀಲಿ ಬಿಳಿ ಕಲೆ ಕಂಡರೆ ಅದನ್ನು ಮೇವಿಗೆ ತರಬೇಡಿ. ತಾಮ್ರ ಲಿವರಿನಲ್ಲಿ ಸೇರುತ್ತಾ ಹೋಗುತ್ತದೆ. ದನ ಸ್ವಲ್ಪ ತಡೆದುಕೊಂಡೀತು, ಕುರಿ ತಡೆಯುವುದಿಲ್ಲ. ಬೇಸಿಗೆಯ ಹಾಳೆಯನ್ನೇ ನಂಬಲು ಇದೂ ಒಂದು ಕಾರಣ.

ಗೇರುಹಣ್ಣು: ಮೂರು ತಿಂಗಳ ಕೆಲಸ, ವರ್ಷದ ಮೇವು

ಒಂದು ಕೆಜಿ ಬೀಜ ಹೆಕ್ಕಿದರೆ ಅದರ ಜೊತೆ ಎಂಟು ಹತ್ತು ಕೆಜಿ ಹಣ್ಣು ಬರುತ್ತದೆ. ಗುಡ್ಡ ಇರುವವರಿಗೆ ಇದು ಎಷ್ಟು ಅಂತ ಹೇಳಬೇಕಾಗಿಲ್ಲ. ಹಸಿ ಹಣ್ಣಿನಲ್ಲಿ ಸಕ್ಕರೆ ಇದೆ, ಚೊಗರೂ ಇದೆ. ಚೊಗರು ಜಾಸ್ತಿಯಾದರೆ ಪ್ರೋಟೀನು ಜೀರ್ಣವಾಗಲು ಬಿಡುವುದಿಲ್ಲ. ಸಕ್ಕರೆ ಇರುವ ಹಣ್ಣು ಒಂದು ರಾತ್ರಿ ರಾಶಿಯಲ್ಲಿ ಬಿದ್ದರೆ ಹುಳಿಯುತ್ತದೆ. ಆದ್ದರಿಂದ ನಮ್ಮ ಕ್ರಮ ಒಂದೇ, ಆ ದಿನದ್ದು ಆ ದಿನ.

ಬೆಳಗ್ಗೆ ಹೆಕ್ಕಿ. ಬೀಜವನ್ನು ಪೂರ್ತಿ ತಿರುಪಿ ತೆಗೆಯಿರಿ, ಒಂದೂ ಉಳಿಯಬಾರದು. ಸಿಪ್ಪೆಯ ಎಣ್ಣೆ ನಮ್ಮ ಕೈ ಸುಡುವ ಹಾಗೆಯೇ ದನದ ಬಾಯನ್ನೂ ಸುಡುತ್ತದೆ. ಕಪ್ಪಾದದ್ದು, ಹುಳ ಬಿದ್ದದ್ದು ಗೊಬ್ಬರಕ್ಕೆ. ಉಳಿದದ್ದನ್ನು ತೊಳೆದು ನಾಲ್ಕು ಸೀಳು ಮಾಡಿ ರಸ ಹಿಂಡಿ ತೆಗೆಯಿರಿ. ನಾವು ಹಳೆಯ ಕಬ್ಬಿಣದ ಕೈಒತ್ತು ಇಟ್ಟುಕೊಂಡಿದ್ದೇವೆ. ರಸದ ಜೊತೆ ಚೊಗರೂ ಕೆಲವು ಭಾಗ ಹೋಗುತ್ತದೆ, ಒಣಗುವುದೂ ಬೇಗ. ಉಳಿದ ಚರಟವನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ. ಬೆರಳಿನ ದಪ್ಪಕ್ಕಿಂತ ಜಾಸ್ತಿ ಬೇಡ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಮೂರು ನಾಲ್ಕು ದಿನ ಸಾಕು. ಸಂಜೆ ಮುಚ್ಚಿಡಿ, ಮುಂಜಾನೆಯ ಮಂಜು ತಾಗಿದರೆ ಕಪ್ಪಾಗುತ್ತದೆ.

ಒಣಗಿತೋ ಇಲ್ಲವೋ ನೋಡಲು ಒಂದು ತುಂಡನ್ನು ಬಗ್ಗಿಸಿ. ಚರ್ಮದ ಹಾಗೆ ಬಗ್ಗಿದರೆ ಇನ್ನೂ ಒಂದು ಬಿಸಿಲು ಬೇಕು. ಪಟ್ ಅಂತ ಮುರಿದರೆ ಚೀಲಕ್ಕೆ ತುಂಬಬಹುದು. ಹತ್ತು ಕೆಜಿ ಹಸಿ ಹಣ್ಣಿಗೆ ನಮಗೆ ಕೈಗೆ ಬರುವುದು ಹೆಚ್ಚೆಂದರೆ ಒಂದು ಕೆಜಿ. ಕಡಿಮೆ ಅನಿಸಬಹುದು, ಆದರೆ ಅದು ಒಣ ಕೆಜಿ.

ಇದನ್ನು ಪುಡಿ ಮಾಡಿ ಹಿಂಡಿ ತೌಡಿನ ಮಿಶ್ರಣಕ್ಕೆ ಶೇ. 10ರಿಂದ 15ರ ತನಕ ಸೇರಿಸಬಹುದು. ಅದಕ್ಕಿಂತ ಜಾಸ್ತಿ ಹಾಕಬೇಡಿ. ಟಿ ಸೊಳ್ಳೆ ಅನ್ನುವ ಗೇರಿನ ಕೀಟಕ್ಕೆ ಔಷಧಿ ಬಿಟ್ಟ ಮರದ ಹಣ್ಣನ್ನು ಔಷಧಿಯ ಲೇಬಲ್ಲಿನಲ್ಲಿ ಹೇಳಿದ ದಿನ ಮುಗಿಯುವ ತನಕ ಮುಟ್ಟಲೇಬೇಡಿ. ಗೇರು ತೋಟಕ್ಕೆ ವಿಮಾನದಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರಿನವರು ನಾವು, 2000ದ ತನಕ ಅದು ನಡೆಯಿತು. ಅದರ ನೋವು ಕಂಡವರಿಗೆ ಹಾಲಿಗೆ ಏನು ಸೇರುತ್ತದೆ ಅನ್ನುವುದು ಸಣ್ಣ ವಿಷಯವಲ್ಲ.

ಹಲಸು: ಇಲ್ಲಿ ಜಾಗ್ರತೆ

ಜೂನ್ ತಿಂಗಳ ಒಂದು ರಾತ್ರಿ ನಮ್ಮ ಗೌರಿಯ ಹಗ್ಗ ಬಿಚ್ಚಿಹೋಗಿತ್ತು. ಹಟ್ಟಿಯ ಹಿಂದಿನ ತುಳುವ ಹಲಸಿನ ಬುಡದಲ್ಲಿ ಮೂರು ಹಣ್ಣು ಬಿದ್ದಿತ್ತು. ಬೆಳಗ್ಗೆ ನಾವು ನೋಡುವಾಗ ಹಣ್ಣಿನ ಜಾಗದಲ್ಲಿ ಬರೀ ಗೂಂಜು (ನಡುವಿನ ದಿಂಡು). ಹೊಟ್ಟೆ ತುಂಬ ತಿಂದಳಲ್ಲ ಅಂತ ಮೊದಲು ಯಾರೂ ತಲೆಬಿಸಿ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೆಲುಕು ನಿಂತಿತು. ಹಲ್ಲು ಕಟ ಕಟ ಅಂತ ಕಡಿಯುತ್ತಿದ್ದಳು. ಸಗಣಿ ಅಂಬಲಿಯ ಹಾಗೆ ನೀರಾಗಿ ಹುಳಿ ವಾಸನೆ. ಎಡಪಕ್ಕೆಗೆ ಮುಷ್ಟಿ ಒತ್ತಿದರೆ ಒಳಗೆ ಕೊಡದಲ್ಲಿ ನೀರು ಕುಲುಕಿದ ಹಾಗೆ ಸದ್ದು. ಸಂಜೆಗೆ ಕಣ್ಣು ಗುಳಿ ಬಿದ್ದಿತ್ತು. ಮೃಗಾಸ್ಪತ್ರೆಯಿಂದ ಡಾಕ್ಟರು ಬಂದು ಡ್ರಿಪ್ ಹಾಕಿದರು, ಹೊಟ್ಟೆಗೆ ಸೋಡ ಕೊಟ್ಟರು. ಎರಡು ದಿನ ಅವಳು ಏಳಲಿಲ್ಲ. ಬದುಕಿದಳು. ಹಾಲು ಮೊದಲಿನ ಅಳತೆಗೆ ಬರಲು ಮೂರು ವಾರ ಹಿಡಿಯಿತು.

ಆದದ್ದೇನು ಅಂತ ತಿಳಿದರೆ ಎಲ್ಲ ಮೇವಿನ ನಿಯಮವೂ ಅರ್ಥವಾಗುತ್ತದೆ. ದನದ ದೊಡ್ಡ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಇರುತ್ತವೆ. ಅವು ಬದುಕಲು ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6ರಿಂದ 7ರ ಆಸುಪಾಸು ಇರಬೇಕು. ಒಮ್ಮೆಲೇ ಸಕ್ಕರೆಯೋ ಪಿಷ್ಟವೋ ಬಂದು ಬಿದ್ದರೆ ಬೇರೆ ಬ್ಯಾಕ್ಟೀರಿಯಾಗಳು ಏರಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ 5ಕ್ಕಿಂತ ಕೆಳಗೆ ಹೋದರೆ ಒಳ್ಳೆಯ ಜೀವಿಗಳು ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಹೋಗುತ್ತದೆ. ಹಲಸಿನ ತೊಳೆ ಮಾತ್ರ ಅಲ್ಲ, ಮದುವೆಮನೆಯ ಅನ್ನ, ಗಂಜಿ, ಹೋಟೆಲಿನ ಉಳಿಕೆ ಎಲ್ಲ ಇದೇ ಕೆಲಸ ಮಾಡುತ್ತವೆ. 2024ರ ಜೂನಿನಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಪರೋಟ ಜಾಸ್ತಿ ತಿಂದು ಒಂದೇ ಫಾರ್ಮಿನ ಐದು ಹಸುಗಳು ಸತ್ತದ್ದು ಇದರಿಂದಲೇ. ಪ್ರೀತಿಯಿಂದ ಅಕ್ಕಚ್ಚಿಗೆ (ಅಕ್ಕಿ ತೊಳೆದ ನೀರಿಗೆ) ಅನ್ನ ಸುರಿಯುವವರು ದಯವಿಟ್ಟು ಇದನ್ನು ನೆನಪಿಡಿ.

ನಾನು ಮೇಲೆ ಹೇಳಿದ ಲಕ್ಷಣ ಕಂಡರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅಡುಗೆ ಸೋಡ ಎಷ್ಟು ಗ್ರಾಂ ಕಲಸಿ ಕೊಡಬೇಕು ಅಂತ ಅವರನ್ನೇ ಕೇಳಿ ಕೊಡಿ. ತಲೆ ಜಾಸ್ತಿ ಮೇಲೆತ್ತಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಪ್ರಾಣ ತೆಗೆಯುತ್ತದೆ. ಧಾನ್ಯ, ಹಿಂಡಿ ಎಲ್ಲ ನಿಲ್ಲಿಸಿ ಒಣ ಬೈಹುಲ್ಲು ಮಾತ್ರ ಎದುರಿಗಿಡಿ.

ಹಾಗಾದರೆ ಹಲಸು ಬೇಡವೇ ಬೇಡವಾ? ಬೇಕು. ತೊಳೆ ಬೇಡ, ಬೇಳೆ ಅಂದರೆ ಬೀಜ ಬೇಡ (ಗಂಟಲಲ್ಲಿ ಸಿಕ್ಕಿಬೀಳುತ್ತದೆ). ರೆಚ್ಚೆ ಮತ್ತು ಸಾರೆ (ತೊಳೆಗಳ ನಡುವಿನ ನಾರು) ಕೊಡಬಹುದು. ಗೂಂಜನ್ನು ಸಣ್ಣಗೆ ಕೊಚ್ಚಿದರೆ ಅದನ್ನೂ ಕೊಡಬಹುದು. ಗುಜ್ಜೆಯ (ಎಳೆ ಹಲಸಿನಕಾಯಿಯ) ಸಿಪ್ಪೆಯಲ್ಲಿ ಸಕ್ಕರೆಯ ಭಯ ಕಡಿಮೆ. ಹಣ್ಣಿನ ರೆಚ್ಚೆಯಾದರೆ ಮೊದಲ ದಿನ ಒಂದು ಕೆಜಿ, ಎರಡು ವಾರದಲ್ಲಿ ನಿಧಾನ ಏರಿಸಿ ನಾಲ್ಕೈದು ಕೆಜಿಗೆ ನಿಲ್ಲಿಸಿ. ಅದೂ ಎರಡು ಹೊತ್ತಿಗೆ ಹಂಚಿ, ಬೈಹುಲ್ಲು ತಿಂದ ಮೇಲೆ. ಹಸಿದ ಹೊಟ್ಟೆಗೆ ಯಾವತ್ತೂ ಬೇಡ.

ರೆಚ್ಚೆಯ ರಸಮೇವು: ಒಂದು ಡ್ರಮ್ಮಿನ ಲೆಕ್ಕ

ಹಪ್ಪಳದ ಸೀಸನ್ನಿನಲ್ಲಿ ಒಂದೇ ವಾರ ಕ್ವಿಂಟಾಲುಗಟ್ಟಲೆ ರೆಚ್ಚೆ ಬರುತ್ತದೆ. ಒಣಗಿಸೋಣ ಅಂದರೆ ಮಳೆ ತಲೆಮೇಲೆ. ಆಗ ರಸಮೇವೇ ದಾರಿ, ಜನ ಸೈಲೇಜ್ ಅನ್ನುತ್ತಾರೆ.

200 ಲೀಟರಿನ, ಬಾಯಿ ಪೂರ್ತಿ ತೆರೆಯುವ, ಬಳೆ ಹಾಕಿ ಬಿಗಿಯುವ ಪ್ಲಾಸ್ಟಿಕ್ ಡ್ರಮ್ ಬೇಕು. ಆಹಾರ ಪದಾರ್ಥ ತುಂಬಿದ್ದೇ ಆಗಿರಬೇಕು. ಕೀಟನಾಶಕದ್ದು ಎಷ್ಟು ತೊಳೆದರೂ ಬೇಡ. ರೆಚ್ಚೆಯನ್ನು ಒಂದು ಇಂಚಿಗೆ ಕೊಚ್ಚಿ, 100 ಕೆಜಿಗೆ 20 ಕೆಜಿ ಕತ್ತರಿಸಿದ ಒಣ ಬೈಹುಲ್ಲು ಅಥವಾ ಹಾಳೆ ಬೆರೆಸಿ. ರೆಚ್ಚೆಯಲ್ಲಿ ಶೇ. 80 ನೀರು ಅಂತ ಹಿಡಿದರೆ ಬೆರೆಸಿದ ಮೇಲೆ ಶೇ. 68ಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದು 65ರಿಂದ 70. ಅಳೆಯುವ ಯಂತ್ರ ಬೇಡ, ಮುಷ್ಟಿ ಸಾಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ಹನಿದರೆ ಇನ್ನೂ ಒಣ ಹುಲ್ಲು ಹಾಕಬೇಕು. ಕೈ ಬಿಚ್ಚಿದಾಗ ಉಂಡೆ ಮೆಲ್ಲನೆ ಬಿರಿದು, ಅಂಗೈ ಬರೀ ತೇವವಾಗಿ ಕಂಡರೆ ಹದ ಸರಿ.

ಇನ್ನು ತುಂಬುವುದು. ಅರ್ಧ ಅಡಿ ಹಾಕಿ ತುಳಿಯಬೇಕು, ಮತ್ತೆ ಅರ್ಧ ಅಡಿ, ಮತ್ತೆ ತುಳಿಯಬೇಕು. ಗಾಳಿ ಉಳಿದ ಜಾಗವೆಲ್ಲ ಬೂಷ್ಟು. ಅಂಚಿನಲ್ಲಿ ಕಾಲು ಸಿಗುವುದಿಲ್ಲ, ಅಲ್ಲಿ ಒನಕೆಯಿಂದ ಕುಟ್ಟಿ. ಬಾಯಿ ತನಕ ತುಂಬಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳ ಬಿಗಿದು ನೆರಳಲ್ಲಿ 30 ದಿನ ಬಿಡಿ. ತೆರೆದಾಗ ಹಳದಿ ಕಂದು ಬಣ್ಣ, ಮಜ್ಜಿಗೆಗೂ ವಿನಿಗರಿಗೂ ನಡುವಿನ ಹುಳಿ ವಾಸನೆ ಇರಬೇಕು. ಕೊಳೆತ ಮೀನಿನ ಹಾಗೆ ನಾರಿದರೆ, ಕೈಗೆ ಲೋಳೆ ಹತ್ತಿದರೆ, ಇಡೀ ಡ್ರಮ್ ಗೊಬ್ಬರಕ್ಕೆ. ಮೇಲಿನ ಎರಡು ಬೆರಳು ಪದರ ಹೇಗೂ ಬೂಷ್ಟು ಬಂದಿರುತ್ತದೆ, ಅದನ್ನು ಕೆರೆದು ಬಿಸಾಡಿ.

ತೆರೆದ ಮೇಲೆ ದಿನವೂ ತೆಗೆಯಲೇಬೇಕು, ಹತ್ತು ಹನ್ನೆರಡು ದಿನದಲ್ಲಿ ಖಾಲಿಯಾಗಬೇಕು. ಒಂದು ಹಸುವಿಗೆ 5 ಕೆಜಿಯಂತೆ ಎರಡು ಹಸುವಿಗೆ ಒಂದು ಡ್ರಮ್ ಸರಿಹೋಗುತ್ತದೆ. ಒಂದೇ ಹಸು ಇರುವವರು 100 ಲೀಟರಿನ ಡ್ರಮ್ ನೋಡಿ. ಹಾಲು ಕರೆದಾದ ಮೇಲೆ ಕೊಡಿ, ಇಲ್ಲವಾದರೆ ವಾಸನೆ ಹಾಲಿಗೆ ಹತ್ತುತ್ತದೆ.

ಹಿಂಡಿ ಮತ್ತು ತೌಡು ಕೊಳ್ಳುವಾಗ

ತೆಂಗಿನ ಹಿಂಡಿಗೆ ನಮ್ಮ ಕಡೆಯ ಅಂಗಡಿಯಲ್ಲಿ ಪಿಣ್ಣಾಕು ಅಂತ ಕೇಳಿದರೆ ಬೇಗ ತೆಗೆದು ಕೊಡುತ್ತಾರೆ. ಪ್ರೋಟೀನು ಶೇ. 20ರ ಸುತ್ತ, ಎಣ್ಣೆಯ ಅಂಶವೂ ಉಳಿದಿರುತ್ತದೆ. ಇದನ್ನು ತಿಂದ ಹಸುವಿನ ಬೆಣ್ಣೆ ಗಟ್ಟಿಯಾಗುತ್ತದೆ. ದಿನಕ್ಕೆ ಒಂದರಿಂದ ಎರಡು ಕೆಜಿ ಸಾಕು. ನೀರು ಕುಡಿದು ಚೆನ್ನಾಗಿ ಉಬ್ಬುವ ವಸ್ತು, ನೆನೆಸಿಯೇ ಕೊಡಿ. ಆದರೆ ನೆನೆದದ್ದು ಆ ಹೊತ್ತಿಗೇ ಮುಗಿಯಬೇಕು.

ಇದರ ಶತ್ರು ಬೂಷ್ಟು. ಒಂದು ಮಳೆಗಾಲದಲ್ಲಿ ತಂದ ಚೀಲದ ಮೇಲುಭಾಗ ಚಂದ ಇತ್ತು. ಕಾಲು ಭಾಗ ಇಳಿದ ಮೇಲೆ ಕೈ ಹಾಕಿದರೆ ಒಳಗೆ ಬೆಚ್ಚಗೆ. ತುಂಡು ಒಡೆದು ನೋಡಿದರೆ ಹಸಿರು ಹಳದಿ ಧೂಳು, ಹಳೆಯ ಪುಸ್ತಕದ ವಾಸನೆ. ಅಂಗಡಿಯವರು ಬಿಸಿಲಿಗೆ ಹಾಕಿ ಕೊಡಿ, ಏನೂ ಆಗುವುದಿಲ್ಲ ಅಂದರು. ಆಗುತ್ತದೆ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಸಿಲಿಗೂ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಹಸುವಿನ ಲಿವರ್ ಕೆಡಿಸಿ, ರೂಪ ಬದಲಿಸಿ ಹಾಲಿಗೇ ಬರುತ್ತದೆ, ಮಕ್ಕಳು ಕುಡಿಯುವ ಹಾಲಿಗೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಒಂದು ಕೆಜಿ ಹಾಲಿನಲ್ಲಿ ಇದಕ್ಕೆ ಇರುವ ಮಿತಿ 0.5 ಮೈಕ್ರೋಗ್ರಾಂ. ಅಷ್ಟು ಸೂಕ್ಷ್ಮ. ಹಾಗಾಗಿ ಬೂಷ್ಟು ಬಂದ ಹಿಂಡಿಯನ್ನು ಕೋಳಿಗೂ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ. ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಿ. ಕೊಳ್ಳುವಾಗ ಮೇಲಿನದು ನೋಡಬೇಡಿ, ಮೊಣಕೈ ತನಕ ಕೈ ಇಳಿಸಿ ಬಿಸಿ ಇದೆಯಾ ನೋಡಿ.

ತೌಡಿನಲ್ಲಿ ಪ್ರೋಟೀನು ಶೇ. 12ರ ಹತ್ತಿರ. ಮಿಲ್ಲಿನಿಂದ ನೇರ ಬಂದ ತೌಡಿನಲ್ಲಿ ಎಣ್ಣೆ ಜಾಸ್ತಿ ಇರುವುದರಿಂದ ಬೇಗ ಕಮಟು ಹತ್ತುತ್ತದೆ. ಬಾಯಿಗೆ ಒಂದು ಚಿಟಿಕೆ ಹಾಕಿ, ಕಹಿಯಾದರೆ ಬೇಡ, ಹಲ್ಲಿಗೆ ಮರಳು ಸಿಕ್ಕಿದರೂ ಬೇಡ. ಕೆಲವು ಕಡೆ ಉಮಿ ಪುಡಿ ಬೆರೆಸುತ್ತಾರೆ. ಒಂದು ಲೋಟ ನೀರಿಗೆ ಹಾಕಿದರೆ ಉಮಿ ಮೇಲೆ ತೇಲುತ್ತದೆ. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ತೀರಾ ಕಡಿಮೆ. ಬರೀ ತೌಡು ಬೈಹುಲ್ಲಿನಲ್ಲಿ ಸಾಕಿದ ಹಸು ಕರು ಹಾಕಿದ ಮೇಲೆ ಏಳಲಾರದೆ ಮಲಗಿದರೆ ಅದರ ಹಿಂದೆ ಈ ಕೊರತೆಯೂ ಇರಬಹುದು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಕಲೇಬೇಕು. ಇದರಲ್ಲಿ ಉಳಿಸಲು ಹೋಗಬೇಡಿ.

ಮಿಶ್ರಣ ಮಾಡೋಣ

ನಾವು 100 ಕೆಜಿಗೆ ಹಾಕುವುದು: ತೆಂಗಿನ ಹಿಂಡಿ 35, ತೌಡು 25, ಜೋಳದ ನುಚ್ಚು 15 (ಗೋವಿನಜೋಳ), ಒಣ ಗೇರುಹಣ್ಣಿನ ಪುಡಿ 12, ಕಡಲೆಕಾಯಿ ಹಿಂಡಿ 10, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನಿನ ಲೆಕ್ಕ ಹಾಕಿದರೆ ತೆಂಗಿನ ಹಿಂಡಿಯಿಂದ 7.3, ತೌಡಿನಿಂದ 3, ಜೋಳದಿಂದ 1.3, ಗೇರಿನಿಂದ 1, ಕಡಲೆಕಾಯಿ ಹಿಂಡಿಯಿಂದ 4.2. ಒಟ್ಟು ಶೇ. 17ರ ಹತ್ತಿರ. ಕಡಲೆಕಾಯಿ ಹಿಂಡಿ ದುಬಾರಿ ಅಂತ ಅದನ್ನು ಬಿಟ್ಟು ಆ ಜಾಗಕ್ಕೆ ತೌಡು ತುಂಬಿದರೆ 14ಕ್ಕೆ ಇಳಿಯುತ್ತದೆ. ಗಬ್ಬದ ಕೊನೆಯ ಎರಡು ತಿಂಗಳು ಬಿಟ್ಟು ಉಳಿದ ಬತ್ತಿದ ದಿನಗಳಿಗೆ ಅದು ನಡೆದೀತು, ಹತ್ತು ಲೀಟರ್ ಕರೆಯುವ ಹಸುವಿಗೆ ಸಾಲದು.

ಕೊಡುವ ಪ್ರಮಾಣ ಮೈಗೆ ಅಂತ ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹಸಿ ಹುಲ್ಲು ಚೆನ್ನಾಗಿದ್ದರೆ ಕಡಿಮೆ ಮಾಡಬಹುದು. ಎಣ್ಣೆ ಅಂಶ ಜಾಸ್ತಿ ಇರುವ ಹಿಂಡಿ, ತೌಡು ಎರಡನ್ನೂ ಏರಿಸುತ್ತಾ ಹೋಗಬೇಡಿ. ಒಟ್ಟು ಮೇವಿನಲ್ಲಿ ಎಣ್ಣೆ ಶೇ. 6 ದಾಟಿದರೆ ನಾರು ಕರಗುವುದು ಕಮ್ಮಿಯಾಗುತ್ತದೆ.

ಮಿಶ್ರಣಕ್ಕೆ ಹಾಕುವ ಹೊಸ ಒಣ ವಸ್ತು ಯಾವುದೇ ಇರಲಿ, ಮೊದಲ ದಿನ ಒಂದು ಹಿಡಿ, ಅಂದರೆ 200 ಗ್ರಾಂ. ಎರಡು ಮೂರು ವಾರದಲ್ಲಿ ಪೂರ್ತಿ ಅಳತೆಗೆ ಬನ್ನಿ. ಹೊಟ್ಟೆಯೊಳಗಿನ ಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ದಿನ ಬೇಕು.

ಬೈಹುಲ್ಲಿಗೆ ಯೂರಿಯಾ

ದುಡ್ಡು ಕೊಟ್ಟು ತಂದ ಬೈಹುಲ್ಲಿನ ಬೆಲೆ ಹೆಚ್ಚಿಸುವ ಕೆಲಸ ಇದು. 100 ಕೆಜಿ ಬೈಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಬೇಕು. ಪದರ ಪದರವಾಗಿ ಹುಲ್ಲು ಹಾಸಿ, ಹೂಕುಂಡದ ಝರಿಯಲ್ಲಿ ಸಮನಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಲ್ಲಿ ಗಾಳಿ ಆಡದ ಹಾಗೆ ಮುಚ್ಚಿ 21 ದಿನ ಬಿಡಿ. ಪ್ರೋಟೀನಿನ ಲೆಕ್ಕ ಸುಮಾರು ಎರಡು ಪಟ್ಟಾಗುತ್ತದೆ, ನಾರೂ ಮೆತ್ತಗಾಗುತ್ತದೆ. ಕೊಡುವ ಮುಂಚೆ ಒಂದು ಗಂಟೆ ಹರಡಿ ಘಾಟು ಹೋಗಲು ಬಿಡಿ. ಆರು ತಿಂಗಳೊಳಗಿನ ಕರುವಿಗೆ ಬೇಡವೇ ಬೇಡ. ಯೂರಿಯಾ ಕರಗಿಸಿದ ಬಾಲ್ದಿಯನ್ನು ದನದ ಎದುರು ಮರೆತು ಹೋಗಬೇಡಿ. ಅದನ್ನು ನೇರ ಕುಡಿದರೆ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ಇನ್ನು ಕೆಲವು, ಚಿಕ್ಕದಾಗಿ

ಮರಗೆಣಸಿನ ಸಿಪ್ಪೆಯಲ್ಲಿ ಸಯನೈಡ್ ಅಂಶ ಗೆಡ್ಡೆಗಿಂತ ಜಾಸ್ತಿ. ಹಸಿಯಾಗಿ ಕೊಡಬೇಡಿ. ಕೊಚ್ಚಿ ಮೂರು ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ಆಮೇಲೆ ಸ್ವಲ್ಪ ಸ್ವಲ್ಪ. ರಬ್ಬರ್ ಬೀಜದ ಹಿಂಡಿಗೂ ಇದೇ ಭಯ, ಹೊಸದು ಬೇಡ. ಕೊಕ್ಕೋ ಕಾಯಿಯ ಸಿಪ್ಪೆಯಲ್ಲಿ ಥಿಯೋಬ್ರೋಮಿನ್ ಅನ್ನುವ ವಿಷದ ಅಂಶ ಇದೆ. ಒಣಗಿಸಿ ಪುಡಿ ಮಾಡಿ ದನಕ್ಕೆ ಮಿಶ್ರಣದಲ್ಲಿ ಸ್ವಲ್ಪ ಹಾಕುವವರಿದ್ದಾರೆ, ನಾಯಿಗೆ ಮತ್ತು ಕೋಳಿಗೆ ಸಿಗದ ಹಾಗೆ ನೋಡಿಕೊಳ್ಳಿ. ಬಾಳೆ ದಿಂಡನ್ನು ಬೇಸಿಗೆಯಲ್ಲಿ ಹತ್ತು ಕೆಜಿ ತನಕ ಕೊಚ್ಚಿ ಕೊಡಬಹುದು. ದನಕ್ಕೆ ಇಷ್ಟ, ಬಾಯಾರಿಕೆಗೂ ಆಯಿತು. ಮೇವು ಅಂತ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸರಿ ಆಗುತ್ತಿದೆಯೋ ಅಂತ ದನವನ್ನೇ ನೋಡಿ

ಹಟ್ಟಿಯ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿ. ಹೊಸ ಮೇವು ಹಾಕಿದ ದಿನ, ಎಷ್ಟು ಹಾಕಿದ್ದು, ಎರಡು ಹೊತ್ತಿನ ಹಾಲು, ಸೊಸೈಟಿಯಲ್ಲಿ ಬಂದ ಫ್ಯಾಟ್. ಹದಿನೈದು ದಿನದ ಹಿಂದಿನ ಪುಟದ ಜೊತೆ ಹೋಲಿಸಿ. ಫ್ಯಾಟ್ ಥಟ್ಟನೆ ಇಳಿದರೆ ನಾರು ಸಾಲುತ್ತಿಲ್ಲ ಅಂತ ಮೊದಲ ಸಂಶಯ ಇರಲಿ. ಸಗಣಿ ತಟ್ಟೆಯ ಹಾಗೆ ಕೂತು ನಡುವೆ ಸಣ್ಣ ಗುಂಡಿ ಬಿದ್ದರೆ ಚೆನ್ನಾಗಿದೆ. ನೀರಾಗಿ ಗುಳ್ಳೆ ಬಂದರೆ ಹಣ್ಣಿನ ಉಳಿಕೆಯನ್ನು ಆ ಹೊತ್ತಿಗೇ ನಿಲ್ಲಿಸಿ. ಮಧ್ಯಾಹ್ನ ಮಲಗಿದ ದನ ಮೆಲುಕು ಹಾಕುವುದನ್ನು ಎಣಿಸಿ, ಒಂದು ಉಂಡೆಗೆ 50ರ ಹತ್ತಿರ ಜಗಿದರೆ ನಿಶ್ಚಿಂತೆ.

ಗಿಡ್ಡಗಳಿಗೆ ಮಾತ್ರ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಕಾಸರಗೋಡು ಗಿಡ್ಡದ ತೂಕ ಕ್ರಾಸ್ ಹಸುವಿನ ಅರ್ಧವೂ ಇರುವುದಿಲ್ಲ, ಹಾಲು ಒಂದೆರಡು ಲೀಟರ್. ಗುಡ್ಡದಲ್ಲಿ ಮೇದು, ಸೊಪ್ಪು ತಿಂದು, ಮಳೆಗೆ ಮೈಯೊಡ್ಡಿ ಬದುಕಿದ ಜಾತಿ ಅದು. ಬದಿಯಡ್ಕದ ಹತ್ತಿರ ಬೇಳದಲ್ಲಿ ಇದನ್ನು ಉಳಿಸಲಿಕ್ಕೆ ಅಂತಲೇ ಸರ್ಕಾರದ ಫಾರ್ಮ್ ಇದೆ. ಹಾಳೆ, ರೆಚ್ಚೆಯಂಥ ಉಳಿಕೆಗೆ ಇದರಷ್ಟು ಹೊಂದುವ ದನ ಇನ್ನೊಂದಿಲ್ಲ ಅಂತ ನನ್ನ ಅನುಭವ. ನಮ್ಮ ಗಿಡ್ಡಿಗೆ ಹಗಲು ಮೇಯಲು ಬಿಟ್ಟು, ಸಂಜೆ ನೆನೆಸಿದ ಹಾಳೆ ಒಂದು ಕೆಜಿ, ಹಲಸಿನ ಕಾಲದಲ್ಲಿ ರೆಚ್ಚೆ ಒಂದೂವರೆ ಕೆಜಿ, ಉಪ್ಪು ಹಾಕಿದ ನೀರು ಕೊಡುತ್ತೇವೆ. ಹಿಂಡಿ ತೌಡಿನ ಮಿಶ್ರಣ ಕರೆಯುವ ದಿನಗಳಲ್ಲಿ 300 ಗ್ರಾಂ, ಅದಕ್ಕಿಂತ ಜಾಸ್ತಿ ಅವಳು ಕೇಳಿದರೂ ಹಾಕುವುದಿಲ್ಲ.